ನಕಾಶೆ ಕಂಡ ದಾರಿಯಲ್ಲಿ ಓಟ

ಪ್ಯಾರಿಸ್‌ನಿಂದ ಲಿಯೋಂ ನಗರಕ್ಕೆ ಹೊರಟ ಟಿಜಿವಿ ರೈಲು ದಕ್ಷಿಣ ಬರ್ಗಂಡಿಯ ಗುಡ್ಡಗಳನ್ನು ದಾಟುವಾಗ ಗಂಟೆಗೆ 300 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿರುತ್ತದೆ. ಕಿಟಕಿ ಪಕ್ಕ ಕುಳಿತವರಿಗೆ ಕಾಣುವುದು ಇಷ್ಟೇ: ಒಂದು ಚರ್ಚಿನ ಗೋಪುರ, ಹಸಿರು ಇಳಿಜಾರಿನಲ್ಲಿ ಸುಣ್ಣ ಬಳಿದಂತೆ ನಿಂತ ನಾಲ್ಕಾರು ಬಿಳಿ ಹಸುಗಳು, ಗುಡ್ಡದ ಬೆನ್ನೇರಿ ಮಾಯವಾಗುವ ಒಂದು ಬಿಳಿ ಮಣ್ಣಿನ ದಾರಿ. ಅದು ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸುವಷ್ಟರಲ್ಲಿ ಗುಡ್ಡವೇ ಹಿಂದೆ ಬಿದ್ದಿರುತ್ತದೆ. 1981ರ ಸೆಪ್ಟೆಂಬರಿನಲ್ಲಿ ಈ ರೈಲುಮಾರ್ಗ ಶುರುವಾದಾಗಿನಿಂದ ಕೋಟಿಗಟ್ಟಲೆ ಜನ ಈ ಕಣಿವೆಯನ್ನು ಹೀಗೆಯೇ ಕಂಡಿದ್ದಾರೆ, ಅಂದರೆ ಕಂಡೇ ಇಲ್ಲ.

ಆ ಬಿಳಿ ದಾರಿಯನ್ನು ಗಂಟೆಗೆ ಹತ್ತು ಕಿಲೋಮೀಟರ್ ವೇಗದಲ್ಲಿ ನೋಡುವ ಒಂದು ಸಣ್ಣ ಪಂಗಡವುಂಟು. ಚಡ್ಡಿ, ಬನಿಯನ್ನು, ಕಾಲಿಗೆ ಕೆಸರು ಮೆತ್ತಿದ ಬೂಟು. ಬೆಳಗಿನ ಮಂಜು ಕರಗುವ ಮುನ್ನ ಹೊರಟು, ಊರಿನ ಬೇಕರಿಯಲ್ಲಿ ಬ್ರೆಡ್ ಮುಗಿಯುವ ಮುನ್ನ ಹಿಂತಿರುಗುವವರು. ಕೆಲವರು ಅಲ್ಲಿಯವರೇ. ಉಳಿದವರು ರಜೆಗೆಂದು ಬಂದ ಡಚ್ಚರು, ಬ್ರಿಟಿಷರು, ಪ್ಯಾರಿಸ್ಸಿನ ಕಚೇರಿ ನೌಕರರು. ಫ್ರಾನ್ಸಿನಲ್ಲಿ ಓಡುವುದೆಂದರೆ ಸೇನ್ ನದಿಯ ದಂಡೆಯಲ್ಲಿ ಐಫೆಲ್ ಗೋಪುರವನ್ನು ನೋಡುತ್ತಾ ಓಡುವುದು ಎಂದುಕೊಂಡವರಿಗೆ ಈ ಸೀಮೆಯ ಸುದ್ದಿಯೇ ಇರುವುದಿಲ್ಲ.

ಸೀಮೆಯ ಕೇಂದ್ರ ಕ್ಲೂನಿ. ಈಗ ಐದು ಸಾವಿರದಷ್ಟು ಜನರಿರುವ ಪುಟ್ಟ ಪಟ್ಟಣ. ಆದರೆ 910ರಲ್ಲಿ ಇಲ್ಲಿ ಸ್ಥಾಪನೆಯಾದ ಕ್ರೈಸ್ತ ಮಠದ ಆಡಳಿತ ಒಂದು ಕಾಲಕ್ಕೆ ಯೂರೋಪಿನುದ್ದಕ್ಕೂ ಚಾಚಿತ್ತು. 1088ರಲ್ಲಿ ಕಟ್ಟಲು ಶುರುಮಾಡಿದ ಇಲ್ಲಿನ ಚರ್ಚು 187 ಮೀಟರ್ ಉದ್ದವಿತ್ತು. ರೋಮ್‌ನಲ್ಲಿ ಈಗಿನ ಸೇಂಟ್ ಪೀಟರ್ಸ್ ಎದ್ದು ನಿಲ್ಲುವವರೆಗೆ ಕ್ರೈಸ್ತ ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಚರ್ಚು ಇರಲಿಲ್ಲ. ಫ್ರೆಂಚ್ ಕ್ರಾಂತಿಯ ನಂತರ, 1798ರಲ್ಲಿ, ಅದನ್ನು ವ್ಯಾಪಾರಿಗಳಿಗೆ ಮಾರಲಾಯಿತು. ಅವರು ಅದನ್ನು ಕಲ್ಲಿನ ಗಣಿಯಂತೆ ಕಿತ್ತು ಮಾರಿದರು. ಈಗ ಉಳಿದಿರುವುದು ಹತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಆ ಒಂದು ತುಂಡೇ ಊರಿನ ಸೂರುಗಳ ಮೇಲೆ ಎದ್ದು ನಿಂತಿದೆಯೆಂದರೆ ಪೂರ್ತಿ ಕಟ್ಟಡ ಹೇಗಿದ್ದಿರಬೇಕು! ಓಟಗಾರರಿಗೆ ಅದರಿಂದ ಒಂದು ಲಾಭವುಂಟು. ಸುತ್ತಲ ಗುಡ್ಡಗಳಲ್ಲಿ ದಾರಿ ತಪ್ಪಿದರೂ ಆ ಎಂಟು ಮೂಲೆಯ ಗೋಪುರ ಕಂಡರೆ ಸಾಕು, ಮನೆ ಸೇರಿದಂತೆ.

ರೈಲು ಹೋದ ಮೇಲೆ

ಓಟಗಾರರ ಮೊದಲ ಪಾಠ ಸಾಮಾನ್ಯವಾಗಿ ಚಪ್ಪಟೆ ದಾರಿಯಲ್ಲಿ. ಕ್ಲೂನಿಯ ಪಕ್ಕದಲ್ಲಿ ಗ್ರೋನ್ ಎಂಬ ಸಣ್ಣ ನದಿ ಉತ್ತರಕ್ಕೆ ಹರಿದು, ಮುಂದೆ ಸೋನ್ ನದಿಯನ್ನು ಸೇರುತ್ತದೆ. ಅದರ ಕಣಿವೆಯಲ್ಲಿ ಹಿಂದೆ ಒಂದು ರೈಲುಮಾರ್ಗವಿತ್ತು. ಮೋಟಾರು ಬಂದಮೇಲೆ ಪ್ರಯಾಣಿಕರು ಕಡಿಮೆಯಾದರು, ರೈಲು ನಿಂತಿತು, ಹಳಿ ಕಿತ್ತರು. ಉಳಿದ ಒಡ್ಡಿಗೆ ಡಾಂಬರು ಹಾಕಿ 1997ರಲ್ಲಿ ಜಿವ್ರಿಯಿಂದ ಕ್ಲೂನಿಯವರೆಗೆ 44 ಕಿಲೋಮೀಟರ್ ಉದ್ದದ 'ವ್ವಾ ವೆರ್ತ್', ಅಂದರೆ ಹಸಿರು ದಾರಿ ಮಾಡಿದರು. ಫ್ರಾನ್ಸಿನಲ್ಲಿ ಈ ಬಗೆಯ ದಾರಿಗಳಲ್ಲಿ ಇದೇ ಮೊದಲನೆಯದು. ಈಗ ಇದು ಉತ್ತರದಲ್ಲಿ ಶಲೋಂ ನಗರದಿಂದ ದಕ್ಷಿಣದಲ್ಲಿ ಮಾಕೋಂ ನಗರದ ಅಂಚಿನವರೆಗೂ ಬೆಳೆದಿದೆ.

ಇಲ್ಲಿ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ರೈಲಿಗೆಂದು ಮಾಡಿದ ದಾರಿಯಾದ್ದರಿಂದ ಏರೂ ಇಲ್ಲ, ಇಳಿವೂ ಇಲ್ಲ ಎನ್ನುವಷ್ಟು ಸಮ. ಎರಡೂ ಕಡೆ ಮರಗಳ ನೆರಳು, ನಡುನಡುವೆ ಹಳೆಯ ಸ್ಟೇಷನ್ನು ಕಟ್ಟಡಗಳು. ಗಡಿಯಾರ ನೋಡಿಕೊಂಡು ಓಡುವವರಿಗೆ, ಮೊಣಕಾಲು ನೋವಿನಿಂದ ಎದ್ದು ಮತ್ತೆ ಓಟ ಶುರುಮಾಡುವವರಿಗೆ ಹೇಳಿ ಮಾಡಿಸಿದ ಜಾಗ. ಕ್ಲೂನಿಯಿಂದ ಹತ್ತು ಕಿಲೋಮೀಟರ್ ಹೋದರೆ ಬಲಕ್ಕೋ ಎಡಕ್ಕೋ ಯುವಕ ಯುವತಿಯರ ಗುಂಪುಗಳು ಕಾಣತೊಡಗುತ್ತವೆ. ಅದು ತೇಜೆ. ಸ್ವಿಟ್ಜರ್ಲೆಂಡಿನಿಂದ ಬಂದ ಬ್ರದರ್ ರೋಜೆ 1940ರಲ್ಲಿ ಇಲ್ಲಿ ಒಂದು ಮನೆ ಕೊಂಡು, ಯುದ್ಧಕಾಲದಲ್ಲಿ ನಿರಾಶ್ರಿತರಿಗೆ ಆಸರೆ ಕೊಟ್ಟರು. ಆಮೇಲೆ ಅದು ಎಲ್ಲ ಪಂಥದ ಕ್ರೈಸ್ತರ ಪ್ರಾರ್ಥನಾ ಸಮುದಾಯವಾಯಿತು. ಬೇಸಿಗೆಯ ವಾರಗಳಲ್ಲಿ ಸಾವಿರಾರು ತರುಣರು ಬಂದು ಗುಡಾರ ಹಾಕುತ್ತಾರೆ. ಹಳ್ಳಿಯ ಸ್ವಂತ ಜನಸಂಖ್ಯೆ ಮಾತ್ರ ಇನ್ನೂರರ ಆಸುಪಾಸು.

ತೇಜೆಯ ಮುಂದೆ ಕೊರ್ಮತಾಂ, ಅಲ್ಲೊಂದು ಹದಿನೇಳನೆಯ ಶತಮಾನದ ಅರಮನೆ. ಅದಕ್ಕೂ ಮುಂದೆ ಸೇಂ-ಜಾಂಗೂ-ಲ-ನಾಸಿಯೋನಾಲ್ ಎಂಬ ಹಳೆಯ ಪೇಟೆ. ರಾಜರ ಕಾಲದಲ್ಲಿ ಈ ಊರಿನ ಬಾಲಂಗೋಚಿ 'ರಾಯಲ್' ಎಂದಿತ್ತು. ಗಣರಾಜ್ಯ ಬಂದಮೇಲೆ 'ನ್ಯಾಷನಲ್' ಆಯಿತು. ಸರ್ಕಾರ ಬದಲಾದಂತೆ ಬೋರ್ಡು ಬದಲಾಯಿಸುವುದು ಎಲ್ಲ ದೇಶಗಳಲ್ಲೂ ಇದ್ದದ್ದೇ ಅನ್ನಿ.

ಹಸಿರು ದಾರಿಯ ದಕ್ಷಿಣದ ತುದಿಯಲ್ಲಿ ಒಂದು ವಿಶೇಷವಿದೆ. ಕ್ಲೂನಿಗೂ ಮಾಕೋಂಗೂ ನಡುವಿನ ಬ್ವಾ ಕ್ಲೇರ್ ಗುಡ್ಡವನ್ನು ಹಳೆಯ ರೈಲು ಸುಮಾರು 1,600 ಮೀಟರ್ ಉದ್ದದ ಸುರಂಗದಲ್ಲಿ ದಾಟುತ್ತಿತ್ತು. ಈಗ ಅದೇ ಸುರಂಗದೊಳಗೆ ಜನ ಸೈಕಲ್ ತುಳಿಯುತ್ತಾರೆ, ಓಡುತ್ತಾರೆ. ಆಗಸ್ಟಿನ ಸುಡುಬಿಸಿಲಿನಲ್ಲೂ ಒಳಗೆ ಕಾಲಿಟ್ಟೊಡನೆ ನೆಲಮಾಳಿಗೆಯ ತಣುಪು. ತನ್ನದೇ ಹೆಜ್ಜೆಯ ಸದ್ದು ಗೋಡೆಗೆ ಬಡಿದು ಹಿಂದಿನಿಂದ ಯಾರೋ ಅಟ್ಟಿಸಿಕೊಂಡು ಬಂದಂತೆ ಕೇಳುತ್ತದೆ. ಎಂಥ ಸೋಮಾರಿಯೂ ಇಲ್ಲಿ ವೇಗ ಹೆಚ್ಚಿಸುತ್ತಾನೆ! ಚಳಿಗಾಲ ಬಂತೆಂದರೆ ಸುರಂಗದ ಬಾಗಿಲು ಹಾಕುತ್ತಾರೆ. ಒಳಗೆ ಬಾವಲಿಗಳು ನಿದ್ದೆಗೆ ಬರುತ್ತವೆ, ಅವುಗಳನ್ನು ಎಬ್ಬಿಸಬಾರದು. ಮನುಷ್ಯರು ಗುಡ್ಡ ಹತ್ತಿ ಇಳಿಯಬೇಕು. ಆ ಏರು ಅಷ್ಟೇನೂ ಸುಲಭದ್ದಲ್ಲ.

ಅಲೆಯಂಥ ನೆಲ

ಹಸಿರು ದಾರಿ ಒಳ್ಳೆಯದೇ. ಆದರೆ ಅದು ನೆಲವನ್ನು ಸವರಿ ಸಮ ಮಾಡಿದ ದಾರಿ. ಈ ಸೀಮೆಯ ನಿಜವಾದ ಮೈಕಟ್ಟು ತಿಳಿಯಬೇಕಾದರೆ ಕಣಿವೆ ಬಿಟ್ಟು ಪಕ್ಕದ ಗುಡ್ಡಕ್ಕೆ ಹತ್ತಬೇಕು. ಇವು ಪರ್ವತಗಳೇನಲ್ಲ. ನದಿಯಿಂದ ನೂರೈವತ್ತು, ಇನ್ನೂರು ಮೀಟರ್ ಏರಿ ಮತ್ತೆ ಇಳಿಯುವ, ಇಳಿದೊಡನೆ ಮತ್ತೊಂದು ಎದುರಾಗುವ ಗುಡ್ಡಗಳ ಸಾಲು. ಬೆಟ್ಟದಲ್ಲಿ ಓಟಗಾರನಿಗೆ ಒಂದೇ ಏರು, ಒಂದೇ ಇಳಿವು. ಬೇಕಾದರೆ ನಡೆದು ಹತ್ತಿದರೂ ಮಾನ ಹೋಗುವುದಿಲ್ಲ. ಇಲ್ಲಿ ಹಾಗಲ್ಲ. ಪ್ರತಿ ಏರೂ 'ಓಡಬಹುದಲ್ಲ' ಅನ್ನಿಸುವಷ್ಟು ಮೆತ್ತಗೆ. ಹತ್ತನೆಯ ಏರಿನ ಹೊತ್ತಿಗೆ ಉಸಿರು ಕೈಕೊಡುತ್ತದೆ, ಹನ್ನೊಂದನೆಯ ಇಳಿವಿನಲ್ಲಿ ತೊಡೆ ಉರಿಯುತ್ತದೆ. ಗಡಿಯಾರ ನೋಡಿ ಓಡುವವರು ಇಲ್ಲಿ ಬೇಗ ಸೋಲುತ್ತಾರೆ. ಉಸಿರನ್ನು ನೋಡಿಕೊಂಡು ಓಡುವವರು ಸಂಜೆಯವರೆಗೂ ಓಡಬಲ್ಲರು.

ಕ್ಲೂನಿಯಿಂದ ಈಶಾನ್ಯಕ್ಕೆ ಹತ್ತು ಕಿಲೋಮೀಟರ್ ದೂರದ ಬ್ಲಾನೋ ಹಳ್ಳಿಯ ದಾರಿಯನ್ನೇ ನೋಡಿ. ಮೊದಲು ಹುಲ್ಲುಗಾವಲು, ಆಮೇಲೆ ಓಕ್ ಮರಗಳ ಕಾಡು, ಕಾಡಿನಿಂದ ಹೊರಬಂದರೆ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು, ಅವುಗಳ ನಡುವೆ ಜೇನುಬಣ್ಣದ ಸುಣ್ಣಕಲ್ಲಿನ ಮನೆಗಳು. ಹಳೆಯ ಮಠ, ಪುಟ್ಟ ಚರ್ಚು, ಹತ್ತಿರದಲ್ಲೇ ಗುಹೆಗಳು. ಅಲ್ಲಿಂದ ಮೇಲಕ್ಕೆ ಮೋಂ ಸೇಂ-ರೊಮಾಂ ಎಂಬ ದಿಬ್ಬ, 579 ಮೀಟರ್. ನೆತ್ತಿಯಲ್ಲಿ ನಿಂತರೆ ಒಂದು ಕಡೆ ಸೋನ್ ನದಿಯ ಬಯಲು, ಇನ್ನೊಂದು ಕಡೆ ಗ್ರೋನ್ ಕಣಿವೆಯ ಆಚೆಗೆ ಮಡಿಕೆ ಮಡಿಕೆಯಾಗಿ ನೀಲಿಗಟ್ಟಿದ ಗುಡ್ಡಗಳು. ಆಕಾಶ ತಿಳಿಯಾಗಿದ್ದರೆ ಪೂರ್ವದ ಅಂಚಿನಲ್ಲಿ ಆಲ್ಪ್ಸ್‌ನ ಹಿಮವೂ ಕಾಣುವುದುಂಟು.

ಇನ್ನೊಂದು ದಾರಿ ಕೊರ್ಮತಾಂನಿಂದ ಬ್ರಾಂಸಿಯೋಂ ಕಡೆಗೆ. ಹೋಗಿ ಬರಲು ಇಪ್ಪತ್ತು ಕಿಲೋಮೀಟರ್ ಆಸುಪಾಸು. ಮೊದಲು ಸಿಗುವುದು ಶಪೇಜ್ ಹಳ್ಳಿ. ಹನ್ನೊಂದನೆಯ ಶತಮಾನದಲ್ಲಿ ಕಟ್ಟಿದ ಅಲ್ಲಿನ ಚರ್ಚಿಗೆ ಸುಮಾರು 35 ಮೀಟರ್ ಎತ್ತರದ ಗಂಟೆಗೋಪುರ. ಹಿಡಿಯಷ್ಟು ಮನೆಗಳ ನಡುವೆ ಅದು ಎಷ್ಟು ಎತ್ತರವೆಂದರೆ, ಹಳ್ಳಿಯನ್ನೇ ಗೋಪುರಕ್ಕೆ ಕಟ್ಟಿಹಾಕಿದಂತೆ ತೋರುತ್ತದೆ. ಶಪೇಜ್ ದಾಟಿದರೆ ಕಾಡು. ಕಾಡಿನೊಳಗೆ ದಾರಿ ನೇರ, ನೆಲ ಮೆತ್ತಗೆ, ಸದ್ದೆಂದರೆ ಎಲೆಗಳದ್ದು ಮಾತ್ರ. ಕಾಡು ಮುಗಿದಲ್ಲಿ ಒಂದು ಮೊಂಡ ಏರು, ಅದರ ತುದಿಯಲ್ಲಿ ಬ್ರಾಂಸಿಯೋಂ. ಹಳೆಯ ಕೋಟೆ, ಮರದ ಕಂಬಗಳ ಮಧ್ಯಯುಗದ ಸಂತೆಕಟ್ಟೆ, ಗುಡ್ಡದ ತುದಿಗೆ ಕಲ್ಲುಹೊದಿಕೆಯ ಚರ್ಚು. ಪ್ರವಾಸಿಗರು ಕಾರನ್ನು ಊರಹೊರಗೆ ಬಿಟ್ಟು ನಡೆದು ಬರಬೇಕು. ಓಡಿ ಬಂದವರಿಗೆ ಆ ಚಿಂತೆಯಿಲ್ಲ. ಚರ್ಚಿನ ಹಿಂದಿನ ಕಟ್ಟೆಯಲ್ಲಿ ಕುಳಿತರೆ ಓಡಿ ಬಂದ ಇಡೀ ದಾರಿ ಕೆಳಗೆ ಹಾಸಿರುತ್ತದೆ.

ದಾರಿಯ ಬಣ್ಣ ಋತುವಿನಂತೆ ಬದಲಾಗುತ್ತದೆ. ಏಪ್ರಿಲ್‌ನಲ್ಲಿ ಎಣ್ಣೆಸಾಸಿವೆ ಜಾತಿಯ ಕೋಲ್ಜಾ ಹೊಲಗಳ ಹಳದಿ, ಮೇ ತಿಂಗಳಲ್ಲಿ ಬೇಲಿಗಳ ತುಂಬ ಹಾಥಾರ್ನ್ ಗಿಡದ ಬಿಳಿ ಹೂವು, ಜುಲೈಯಲ್ಲಿ ಕೊಯ್ಲಿನ ದೂಳು, ಸೆಪ್ಟೆಂಬರಿನಲ್ಲಿ ದ್ರಾಕ್ಷಿ ತೋಟಗಳ ಗದ್ದಲ. ನವೆಂಬರ್ ಬಂತೆಂದರೆ ಕೆಸರು. ಸುಣ್ಣಕಲ್ಲಿನ ಮೇಲಿನ ಜೇಡಿಮಣ್ಣು ಬೂಟಿಗೆ ಅಂಟಿದರೆ ಬಿಡದು. ಒಂದೊಂದು ಕಾಲೂ ಒಂದೊಂದು ಸೇರು ತೂಗುತ್ತದೆ.

ಕೆಂಪು ಬಿಳಿ ಪಟ್ಟಿ

ಹೊಸಬರು ಈ ದಾರಿಗಳಲ್ಲಿ ಕಳೆದುಹೋಗದೆ ಹೇಗೆ ಓಡುತ್ತಾರೆ ಎಂಬುದು ಸೋಜಿಗದ ವಿಷಯ. ಮರದ ಕಾಂಡದ ಮೇಲೋ, ವಿದ್ಯುತ್ ಕಂಬದ ಮೇಲೋ, ಗೋಡೆಯ ಮೂಲೆಯಲ್ಲೋ ಅಂಗೈ ಅಗಲದ ಬಣ್ಣದ ಗುರುತು ಇರುತ್ತದೆ. ಬಿಳಿಯ ಕೆಳಗೆ ಕೆಂಪು ಪಟ್ಟಿಯಿದ್ದರೆ ಅದು ದೂರದ ದಾರಿ, ಅಂದರೆ ಜಿಆರ್. ಬರೀ ಹಳದಿಯಿದ್ದರೆ ಅರ್ಧ ದಿನದಲ್ಲಿ ಸುತ್ತಿ ಬರುವ ಊರಿನ ದಾರಿ. ಎರಡು ಪಟ್ಟಿ ಒಂದನ್ನೊಂದು ಕತ್ತರಿಸಿ ಗುಣಾಕಾರ ಚಿಹ್ನೆಯಂತೆ ಇದ್ದರೆ 'ಈ ಕಡೆ ಬೇಡ' ಎಂದರ್ಥ. ಓಟದ ಭರದಲ್ಲಿ ತಲೆತಗ್ಗಿಸಿಕೊಂಡು ಹೋದವರು ಆ ಗುಣಾಕಾರವನ್ನು ತಪ್ಪಿಸಿಕೊಂಡು ಒಂದು ಕಿಲೋಮೀಟರ್ ಆಚೆ ಯಾರದೋ ಕೋಳಿಗೂಡಿನ ಮುಂದೆ ನಿಲ್ಲುವುದು ವಾಡಿಕೆ.

ಈ ಗುರುತುಗಳ ಯೋಜನೆಯ ಹಿಂದೆ ಇದ್ದವರು ಝಾಂ ಲ್ವಾಜೋ ಎಂಬ ವಾಸ್ತುಶಿಲ್ಪಿ. ಯುದ್ಧ ಮುಗಿದು ಎರಡು ವರ್ಷಕ್ಕೆ, 1947ರಲ್ಲಿ, ಇದಕ್ಕಾಗಿ ರಾಷ್ಟ್ರೀಯ ಸಮಿತಿಯೊಂದು ಹುಟ್ಟಿತು. ಅದೇ ವರ್ಷ ಲ್ವಾರ್ ನದಿಯ ಸೀಮೆಯಲ್ಲಿ ಮೊದಲ ತುಣುಕು ದಾರಿಗೆ ಬಣ್ಣ ಬಿತ್ತು. ಈಗ ದೇಶದಲ್ಲಿ ಹೀಗೆ ಗುರುತು ಹಾಕಿದ ದಾರಿಗಳು ಸುಮಾರು 1,80,000 ಕಿಲೋಮೀಟರ್! ಭೂಮಿಯನ್ನು ನಾಲ್ಕು ಸಲ ಸುತ್ತಿ ಮಿಗುವಷ್ಟು. ಬಣ್ಣ ಹಚ್ಚುವವರು ಸಂಬಳದ ನೌಕರರಲ್ಲ. ಬಹುಪಾಲು ನಿವೃತ್ತ ಮೇಷ್ಟರು, ಅಂಚೆಯವರು, ರೈತರು. ಚೀಲದಲ್ಲಿ ಬ್ರಷ್ಷು, ಎರಡು ಡಬ್ಬಿ ಬಣ್ಣ, ಒಂದು ಕತ್ತರಿ ಇಟ್ಟುಕೊಂಡು ವರ್ಷಕ್ಕೊಮ್ಮೆ ತಮ್ಮ ಪಾಲಿನ ದಾರಿಯನ್ನು ನಡೆದು ಬರುತ್ತಾರೆ. ಕ್ಲೂನಿಯಲ್ಲಿ ಇವುಗಳ ಜೊತೆಗೆ ಚಿಪ್ಪಿನ ಗುರುತೂ ಕಾಣುತ್ತದೆ. ಸ್ಪೇನಿನ ಸಾಂತಿಯಾಗೋಗೆ ಹೋಗುವ ಯಾತ್ರಿಕರು ಇಲ್ಲಿಂದ ಲ-ಪ್ವಿ ಎಂಬ ಊರಿನ ಕಡೆಗೆ ಹೊರಡುವ ದಾರಿ ಅದು.

ಗುರುತಿಲ್ಲದ ದಾರಿಗಳಲ್ಲಿ ಓಡುವವರಿಗೆ ಸರ್ಕಾರಿ ಭೂಪಟ ಸಂಸ್ಥೆಯ ನಕಾಶೆಯೇ ಗತಿ. ಒಂದು ಸೆಂಟಿಮೀಟರಿಗೆ 250 ಮೀಟರ್. ಪ್ರತಿ ಬಾವಿ, ಪ್ರತಿ ಶಿಲುಬೆಕಲ್ಲು, ಪ್ರತಿ ಕಾಲುದಾರಿ ಅದರಲ್ಲಿದೆ. ಆದರೆ ನಕಾಶೆಯಲ್ಲಿ ಕಂಡದ್ದು ನೆಲದ ಮೇಲೆ ಇದ್ದೇ ಇರಬೇಕೆಂದೇನೂ ಇಲ್ಲ. ಕಪ್ಪು ಗೆರೆಯನ್ನು ನಂಬಿ ಹೋದರೆ ಎದುರಿಗೆ ಉತ್ತ ಹೊಲ, ಇಲ್ಲವೇ ಮುಳ್ಳುತಂತಿ. 'ನಕಾಶೆ ಕಂಡ ದಾರಿ' ಎಂಬ ಮಾತನ್ನು ತಹಸೀಲ್ದಾರ್ ಕಚೇರಿಯಲ್ಲಿ ಕೇಳಿ ಬಲ್ಲ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಮೌನ ಎಲ್ಲಿಂದ ಬಂತು?

ಈ ಸೀಮೆಗೆ ಓಡಲು ಬರುವವರೆಲ್ಲ ಹೊಗಳುವುದು ಇಲ್ಲಿನ ನೀರವತೆಯನ್ನು. ಒಂದು ಗಂಟೆ ಓಡಿದರೂ ಎದುರಿಗೆ ಒಬ್ಬ ಮನುಷ್ಯ ಸಿಗದಿರಬಹುದು. ಚರ್ಚಿನ ಗಂಟೆ ಹೊತ್ತು ಹೇಳುತ್ತದೆ. ಎಷ್ಟೋ ಊರುಗಳಲ್ಲಿ ಎರಡು ನಿಮಿಷ ಬಿಟ್ಟು ಅದೇ ಹೊತ್ತನ್ನು ಮತ್ತೊಮ್ಮೆ ಬಾರಿಸುತ್ತದೆ. ಹೊಲದಲ್ಲಿದ್ದವರು ಮೊದಲ ಸಲ ಎಣಿಸುವುದನ್ನು ಮರೆತಿದ್ದರೆ ಇರಲಿ ಎಂದು ಮಾಡಿದ ಏರ್ಪಾಡಂತೆ. ಈಗ ಎಣಿಸುವವರೇ ಇಲ್ಲ.

ಮೌನ ಈ ನೆಲದ ಹುಟ್ಟುಗುಣವಲ್ಲ. ಪ್ರತಿ ಹಳ್ಳಿಯಲ್ಲೂ ಬಟ್ಟೆ ಒಗೆಯಲು ಕಟ್ಟಿದ ಕಲ್ಲಿನ ಕಟ್ಟೆ ಇದೆ, ಇಪ್ಪತ್ತು ಹೆಂಗಸರು ಸಾಲಾಗಿ ಕೂರಬಹುದಾದಷ್ಟು ಉದ್ದ. ಈಗ ಅದರ ಮೇಲೆ ಹೂವಿನ ಕುಂಡಗಳಿವೆ. ಪ್ರತಿ ಊರಿನ ಚೌಕದಲ್ಲೂ ಮೊದಲ ಮಹಾಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿದ ಕಲ್ಲು ಇದೆ. ಓಡುತ್ತ ಓಡುತ್ತ ನಿಂತು ಉಸಿರು ಸುಧಾರಿಸಿಕೊಳ್ಳುವವರು ಆ ಹೆಸರುಗಳನ್ನು ಓದುತ್ತಾರೆ. ಒಂದೇ ಮನೆತನದ ಹೆಸರು ಎರಡು ಸಲ, ಮೂರು ಸಲ. 1914ರಿಂದ 1918ರ ನಡುವೆ ಫ್ರಾನ್ಸ್ ಕಳೆದುಕೊಂಡ ಸೈನಿಕರು ಹದಿಮೂರು ಲಕ್ಷಕ್ಕೂ ಹೆಚ್ಚು. ಅವರಲ್ಲಿ ಬಹಳಷ್ಟು ಮಂದಿ ಹಳ್ಳಿಯ ಹುಡುಗರು. ಅದಕ್ಕೂ ಮೊದಲು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಫಿಲೊಕ್ಸೆರಾ ಎಂಬ ಬೇರುಹುಳು ದ್ರಾಕ್ಷಿ ತೋಟಗಳನ್ನು ನುಂಗಿತ್ತು. ಎಷ್ಟೋ ಇಳಿಜಾರುಗಳಲ್ಲಿ ಮತ್ತೆ ಬಳ್ಳಿ ನೆಡಲೇ ಇಲ್ಲ. ಬಳ್ಳಿ ಕಾಯುವವರು ಮಳೆಗೆ ಆಸರೆಯೆಂದು ಕಟ್ಟಿಕೊಂಡ 'ಕದೋಲ್' ಎಂಬ ಕಲ್ಲುಗುಡಿಸಲುಗಳು ಈಗ ಕಾಡಿನ ನಡುವೆ ಒಂಟಿಯಾಗಿ ನಿಂತಿವೆ. ಕೊನೆಗೆ ಟ್ರ್ಯಾಕ್ಟರು ಬಂತು. ಹತ್ತು ಜನರ ಕೆಲಸ ಒಬ್ಬ ಮಾಡಿದ. ಒಂಬತ್ತು ಜನ ಲಿಯೋಂಗೋ ಪ್ಯಾರಿಸ್‌ಗೋ ಹೋದರು.

ಓಟಗಾರ ಓಡುತ್ತಿರುವುದು ಅವರು ಬಿಟ್ಟುಹೋದ ದಾರಿಗಳಲ್ಲಿ. ಶಾಲೆಗೆ, ಗಿರಣಿಗೆ, ಪೂಜೆಗೆ, ಸಂತೆಗೆ ಹೋಗಿ ಬಂದ ಕಾಲುಗಳು ಇವನ್ನು ತುಳಿದು ಮಾಡಿದವು. ಎರಡು ಬಂಡಿಗಾಲಿಯ ಗಾಡಿ, ನಡುವೆ ಹುಲ್ಲು, ಎರಡೂ ಕಡೆ ಬೇಲಿ. ಯಾವ ದಾರಿಯೂ ಮನಸ್ಸಿಗೆ ಬಂದಂತೆ ತಿರುಗುವುದಿಲ್ಲ. ಒಂದು ಬಾವಿಗೋ ಒಂದು ಹಳೆಯ ಗಡಿಕಲ್ಲಿಗೋ ತಿರುಗುತ್ತದೆ.

ದಾರಿ ಯಾರದು?

ಈ ದಾರಿಗಳಿಗೆ ಫ್ರೆಂಚ್ ಕಾನೂನಿನಲ್ಲಿ 'ಶೆಮಾಂ ರ್‍ಯುರಾಲ್' ಎಂದು ಹೆಸರು. ಗ್ರಾಮೀಣ ದಾರಿ ಎನ್ನಬಹುದು. ಇವುಗಳ ಸ್ಥಿತಿ ವಿಚಿತ್ರವಾದದ್ದು. ಒಡೆತನ ಕಮ್ಯೂನ್‌ನದು, ಅಂದರೆ ನಮ್ಮ ಗ್ರಾಮ ಪಂಚಾಯತಿಯಂಥ ಸ್ಥಳೀಯ ಸಂಸ್ಥೆಯದು. ಇಂಥ ಕಮ್ಯೂನ್‌ಗಳು ದೇಶದಲ್ಲಿ ಸುಮಾರು 35 ಸಾವಿರ. ಊರಿನ ಡಾಂಬರು ರಸ್ತೆಯನ್ನು ಯಾರೂ ಕಬಳಿಸಲಾಗದು, ಅದು ಸಾರ್ವಜನಿಕ ಆಸ್ತಿ. ಗ್ರಾಮೀಣ ದಾರಿ ಮಾತ್ರ ಕಮ್ಯೂನ್‌ನ ಖಾಸಗಿ ಆಸ್ತಿಯ ಲೆಕ್ಕಕ್ಕೆ ಸೇರುತ್ತದೆ, ಆದರೆ ಎಲ್ಲರ ಬಳಕೆಗೆ ತೆರೆದಿರುತ್ತದೆ. ಖಾಸಗಿ ಆಸ್ತಿಯಾದ್ದರಿಂದ ಅದನ್ನು ಮಾರಬಹುದು. ಅಷ್ಟೇ ಅಲ್ಲ, ಪಕ್ಕದ ಹೊಲದವನು ಉತ್ತು ತನ್ನ ಹೊಲಕ್ಕೆ ಸೇರಿಸಿಕೊಂಡು ಮೂವತ್ತು ವರ್ಷ ಯಾರ ತಕರಾರೂ ಇಲ್ಲದೆ ಅನುಭವಿಸಿದರೆ ಅದು ಅವನದೇ ಎಂದು ವಾದಿಸಲೂ ಬಹುದು. ಒತ್ತುವರಿ ಎಂಬುದಕ್ಕೆ ಭಾಷೆಯ ಗಡಿಯಿಲ್ಲ!

ಹೀಗೆ ಹೋದ ದಾರಿಗಳು ಕಡಿಮೆಯೇನಲ್ಲ. 1941ರ ಕಾನೂನಿನಿಂದ ಶುರುವಾಗಿ, ಐವತ್ತು ಅರವತ್ತರ ದಶಕಗಳಲ್ಲಿ ರಭಸ ಪಡೆದ ಭೂ ಕ್ರೋಡೀಕರಣ ಚೂರುಚೂರಾದ ಹಿಡುವಳಿಗಳನ್ನು ಒಟ್ಟುಗೂಡಿಸಿತು. ರೈತನಿಗೆ ಅದರಿಂದ ಲಾಭವಾಯಿತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಹತ್ತು ಹೊಲ ಒಂದಾದಾಗ ನಡುವಿನ ಒಂಬತ್ತು ಬೇಲಿ ಹೋದವು, ಬೇಲಿಯ ಬದಿಯ ದಾರಿಯೂ ಹೋಯಿತು. 1950ರಿಂದೀಚೆಗೆ ದೇಶದ ಬೇಲಿಸಾಲುಗಳಲ್ಲಿ ಶೇಕಡಾ 70ರಷ್ಟು ಮಾಯವಾಗಿವೆ ಎಂಬುದು ಸರ್ಕಾರಿ ಅಂದಾಜು. ಕ್ಲೂನಿಯ ಪಶ್ಚಿಮಕ್ಕೆ ಶರೋಲೆ ಸೀಮೆಯಲ್ಲಿ ಬೇಲಿಗಳು ಇನ್ನೂ ಉಳಿದಿವೆ, ಏಕೆಂದರೆ ಅಲ್ಲಿ ದನ ಮೇಯುತ್ತವೆ. ದನಕ್ಕೆ ಬೇಲಿ ಬೇಕು, ನೆರಳು ಬೇಕು. ರೈಲಿನಿಂದ ಕಾಣುವ ಆ ಬಿಳಿ ಹಸುಗಳು ಅದೇ ಸೀಮೆಯ ಹೆಸರಿನ ತಳಿ. ಅವುಗಳಿಗೆ ಓಟಗಾರನೆಂದರೆ ಬಲು ಕುತೂಹಲ. ಒಬ್ಬ ಓಡಿಬಂದರೆ ಕಡಸುಗಳ ಹಿಂಡೇ ಬೇಲಿಯ ಆಚೆ ಜೊತೆಜೊತೆಗೆ ಓಡಿ, ಹೊಲದ ಮೂಲೆಯಲ್ಲಿ ನಿಂತು ಬೀಳ್ಕೊಡುತ್ತವೆ.

ಕಾನೂನಿನಲ್ಲಿ ಓಟಗಾರರಿಗೆ ಸಂಬಂಧಿಸಿದ ಮುಖ್ಯ ಮಾತು ಒಂದಿದೆ. ಒಂದು ದಾರಿ ಸಾರ್ವಜನಿಕರ ಬಳಕೆಯಲ್ಲಿದೆ ಎಂದು ಹೇಗೆ ತೀರ್ಮಾನಿಸಬೇಕು? ಜನ ಅದರಲ್ಲಿ ಓಡಾಡುತ್ತಿದ್ದರೆ ಬಳಕೆಯಲ್ಲಿದೆ ಎಂದೇ ಭಾವಿಸಬೇಕು, ಎನ್ನುತ್ತದೆ ಕಾನೂನು. ಬಳಕೆ ನಿಂತುಹೋದ ದಾರಿಯನ್ನು ಮಾತ್ರ ಮಾರಬಹುದು. ಆಗ ಕೊಳ್ಳುವ ಮೊದಲ ಅವಕಾಶ ಅಕ್ಕಪಕ್ಕದ ಜಮೀನಿನವರಿಗೆ. ಅಂದರೆ ಒದ್ದೆ ಮಣ್ಣಿನ ಮೇಲಿನ ಬೂಟಿನ ಗುರುತಿಗೂ ಸಾಕ್ಷಿಯ ಬೆಲೆ ಉಂಟು. ಭಾನುವಾರ ಬೆಳಿಗ್ಗೆ ಬೆವರು ಸುರಿಸುತ್ತ ಹೋಗುವ ನಾಲ್ಕು ಜನ, ತಮಗೆ ಗೊತ್ತಿಲ್ಲದೆಯೇ, ಆ ದಾರಿಯ ಪರವಾಗಿ ರುಜು ಹಾಕುತ್ತಿರುತ್ತಾರೆ. ವರ್ಷಗಟ್ಟಲೆ ಯಾರೂ ಹೋಗದ ದಾರಿಯಲ್ಲಿ ಮೊದಲು ತುರಿಕೆಸೊಪ್ಪು ಬೆಳೆಯುತ್ತದೆ, ಆಮೇಲೆ ಮುಳ್ಳುಕಂಟಿ, ಆಮೇಲೆ ತಂತಿ.

2022ರ ಫೆಬ್ರವರಿಯಲ್ಲಿ ಬಂದ ಕಾನೂನು ಕಮ್ಯೂನ್‌ಗಳ ಕೈಯನ್ನು ಸ್ವಲ್ಪ ಬಲಪಡಿಸಿದೆ. ತಮ್ಮ ದಾರಿಗಳ ಗಣತಿ ಮಾಡಲು ಅವು ತೀರ್ಮಾನಿಸಿದರೆ, ಗಣತಿ ನಡೆಯುವಷ್ಟು ಕಾಲ ಮೂವತ್ತು ವರ್ಷದ ಆ ಲೆಕ್ಕ ನಿಂತಿರುತ್ತದೆ. ದಾರಿಯನ್ನು ಬೇರೆ ಜಾಗದ ಜೊತೆ ಅದಲುಬದಲು ಮಾಡಿಕೊಳ್ಳಲೂ ಈಗ ಅವಕಾಶವಿದೆ, ಆದರೆ ದಾರಿಯ ಕೊಂಡಿ ಕಡಿಯಬಾರದು. ಗಣತಿಗೆ ಆಧಾರ ನೆಪೋಲಿಯನ್ ಕಾಲದ್ದು. 1807ರಲ್ಲಿ ಅವನು ಶುರುಮಾಡಿಸಿದ ಭೂಮಾಪನದಲ್ಲಿ ಊರೂರಿಗೂ ಬಿಡಿಸಿದ ಕೈಬಣ್ಣದ ನಕಾಶೆಗಳಿವೆ. ಅವನ್ನು ಈಗಿನ ನಕಾಶೆಯ ಪಕ್ಕ ಹಾಸಿಕೊಂಡು, ಗೆರೆಗೆ ಗೆರೆ ಹೋಲಿಸಿ, ಆಮೇಲೆ ಕುಡುಗೋಲು ಹಿಡಿದು ನೆಲದ ಮೇಲೆ ಹುಡುಕುವ ಉತ್ಸಾಹಿಗಳು ದೇಶದ ನಾನಾ ಕಡೆ ಇದ್ದಾರೆ.

ಓಡುವವರು ತಿಳಿದಿರಬೇಕಾದದ್ದು

ಪ್ಯಾರಿಸ್‌ನಿಂದ ಮಾಕೋಂ-ಲೋಶೆ ಎಂಬ ಟಿಜಿವಿ ನಿಲ್ದಾಣಕ್ಕೆ ಒಂದೂಮುಕ್ಕಾಲು ಗಂಟೆಯೊಳಗೆ ಬರಬಹುದು. ಅಲ್ಲಿಂದ ಕ್ಲೂನಿಗೆ ಬಸ್ಸು; ದಿನಕ್ಕೆ ಕೆಲವೇ ಇರುವುದರಿಂದ ವೇಳಾಪಟ್ಟಿ ನೋಡಿಕೊಂಡೇ ಹೊರಡಬೇಕು. ಏಪ್ರಿಲ್‌ನಿಂದ ಜೂನ್, ಮತ್ತೆ ಸೆಪ್ಟೆಂಬರ್ ಓಟಕ್ಕೆ ಹಿತ. ಸೆಪ್ಟೆಂಬರಿನಿಂದ ಫೆಬ್ರವರಿ ಕೊನೆಯವರೆಗೆ ಬೇಟೆಯ ಕಾಲವೂ ಹೌದು. ಕಾಡುಹಂದಿಯ ಬೇಟೆ ನಡೆಯುವ ಕಡೆ ದಾರಿಯ ಬಾಯಲ್ಲಿ ಫಲಕ ನಿಲ್ಲಿಸುತ್ತಾರೆ, ಬೇಟೆಗಾರರು ಕಿತ್ತಳೆ ಬಣ್ಣದ ಅಂಗಿ ತೊಟ್ಟಿರುತ್ತಾರೆ. ಅಂಥ ಫಲಕ ಕಂಡರೆ ಹಿಂದಕ್ಕೆ ತಿರುಗುವುದೇ ಜಾಣತನ. ತಾನೂ ಒಂದು ಢಾಳಾದ ಅಂಗಿ ತೊಟ್ಟಿರುವುದು ಇನ್ನೂ ಒಳ್ಳೆಯದು.

ಡಾಂಬರು ರಸ್ತೆಯಲ್ಲಿ ಹೋಗುವಾಗ ಎಡಬದಿಯಲ್ಲಿ ಓಡಬೇಕು. ಅಲ್ಲಿ ವಾಹನಗಳು ಬಲಕ್ಕೆ ಚಲಿಸುವುದರಿಂದ ಎಡಬದಿಯಲ್ಲಿದ್ದರೆ ಬರುವ ಕಾರು ಎದುರಿಗೇ ಕಾಣುತ್ತದೆ. ಎದುರಾದ ಯಾರಿಗೇ ಆಗಲಿ 'ಬೋಂಜೂರ್' ಹೇಳದೆ ಮುಂದೆ ಹೋಗುವುದು ಅಲ್ಲಿ ದೊಡ್ಡ ಅಪಚಾರ. ಏದುಸಿರಿನಲ್ಲಿದ್ದರೂ ಹೇಳಲೇಬೇಕು. ನೀರಿಗೆ ಅಂಗಡಿ ಹುಡುಕಿ ಪ್ರಯೋಜನವಿಲ್ಲ, ಎಷ್ಟೋ ಹಳ್ಳಿಗಳಲ್ಲಿ ಅಂಗಡಿಯೇ ಇಲ್ಲ. ಬಲ್ಲವರು ಸ್ಮಶಾನಕ್ಕೆ ಹೋಗುತ್ತಾರೆ! ಸಮಾಧಿಯ ಹೂಗಿಡಗಳಿಗೆಂದು ಅಲ್ಲಿ ನಲ್ಲಿ ಇರುತ್ತದೆ. 'ಕುಡಿಯಲು ಯೋಗ್ಯವಲ್ಲ' ಎಂಬ ಫಲಕ ಇಲ್ಲವೆಂದು ಖಾತ್ರಿ ಮಾಡಿಕೊಂಡು ಶೀಷೆ ತುಂಬಿಸಿಕೊಳ್ಳಬಹುದು. ಸೋಮವಾರ ಬೇಕರಿಗಳೂ ಬಾಗಿಲು ಹಾಕಿರುವುದು ಹೆಚ್ಚು.

ಇನ್ನೂ ದಕ್ಷಿಣಕ್ಕೆ ಹೋಗುವ ಶಕ್ತಿ ಇದ್ದವರಿಗೆ ಸೊಲ್ಯುತ್ರೆ ಬಂಡೆಯಿದೆ. ದ್ರಾಕ್ಷಿ ತೋಟಗಳ ನಡುವೆ ಹಡಗಿನ ಮೂತಿಯಂತೆ ಎದ್ದ 493 ಮೀಟರ್ ಎತ್ತರದ ಕಡಿಬಂಡೆ. ಅದರ ಬುಡದಲ್ಲಿ ಆದಿಮಾನವರು ಬೇಟೆಯಾಡಿದ ಕುದುರೆಗಳ ಮೂಳೆ ರಾಶಿರಾಶಿಯಾಗಿ ಸಿಕ್ಕಿವೆ. ಕುದುರೆಗಳನ್ನು ಬಂಡೆಯ ತುದಿಯಿಂದ ಕೆಳಗೆ ಓಡಿಸಿ ಕೊಲ್ಲುತ್ತಿದ್ದರು ಎಂಬ ಕಥೆ ಬಹಳ ಕಾಲ ನಡೆಯಿತು. ಅದು ಬರೀ ಕಥೆ ಎಂದು ಪ್ರಾಕ್ತನಶಾಸ್ತ್ರಜ್ಞರು ತೀರ್ಮಾನಿಸಿದ್ದಾರೆ. ಅಧ್ಯಕ್ಷ ಮಿತ್ತರಾಂ ಪ್ರತಿ ವರ್ಷ ಪೆಂಟೆಕೋಸ್ಟ್ ಹಬ್ಬದಂದು ಈ ಬಂಡೆ ಹತ್ತುತ್ತಿದ್ದರು. ಅವರ ಪತ್ನಿ ಡಾನಿಯೆಲ್ ಕುಟುಂಬದ ಮನೆ ಇದ್ದದ್ದು ಕ್ಲೂನಿಯಲ್ಲಿ. ಅಳಿಯನಾದವನು ಹೆಂಡತಿಯ ಊರಿನ ಗುಡ್ಡ ಹತ್ತಲೇಬೇಕಲ್ಲ. ಪತ್ರಕರ್ತರ ದಂಡು ಹಿಂದೆ ಏದುಸಿರು ಬಿಡುತ್ತ ಹತ್ತುತ್ತಿತ್ತು.

ಓಡುವಾಗ ಹಳ್ಳಿಯ ಪಂಚಾಯತಿ ಮನೆಯ ಮುಂದೆ ಕ್ಷಣ ನಿಂತು ಗಾಜಿನ ಪೆಟ್ಟಿಗೆಯ ನೋಟೀಸುಗಳನ್ನು ನೋಡುವ ಅಭ್ಯಾಸ ಅಲ್ಲಿನ ಹಳಬರಲ್ಲಿದೆ. ಹಬ್ಬದ ಊಟ, ಕಳೆದುಹೋದ ಬೆಕ್ಕು, ಕಸ ಒಯ್ಯುವ ದಿನ. ಇವುಗಳ ನಡುವೆ ಒಮ್ಮೊಮ್ಮೆ ದಾರಿಯೊಂದರ ಮಾರಾಟದ ಸಾರ್ವಜನಿಕ ವಿಚಾರಣೆಯ ಪ್ರಕಟಣೆಯೂ ಇರುತ್ತದೆ. ವಿಚಾರಣೆ ಹದಿನೈದು ದಿನಕ್ಕೆ ಕಡಿಮೆಯಿಲ್ಲದಂತೆ ನಡೆಯಬೇಕು. ಅಷ್ಟೂ ದಿನ ಒಳಗೆ ಮೇಜಿನ ಮೇಲೆ ಒಂದು ದಫ್ತರ ತೆರೆದಿರುತ್ತದೆ. ಯಾರು ಬೇಕಾದರೂ ತಮ್ಮ ಅಭಿಪ್ರಾಯ ಬರೆಯಬಹುದು. ಆ ಊರಿನವರೇ ಆಗಿರಬೇಕೆಂದಿಲ್ಲ, ಚಡ್ಡಿ ತೊಟ್ಟು ಬೆವರುತ್ತ ಬಂದವರೂ ಬರೆಯಬಹುದು. ತೊಡಕು ಒಂದೇ. ಸಣ್ಣ ಊರುಗಳಲ್ಲಿ ಪಂಚಾಯತಿ ಮನೆಯ ಬಾಗಿಲು ತೆರೆಯುವುದು ವಾರಕ್ಕೆ ಎರಡು ಅರ್ಧ ದಿನ ಮಾತ್ರ, ಅದೂ ಜನ ಕೆಲಸಕ್ಕೆ ಹೋಗಿರುವ ಹೊತ್ತಿನಲ್ಲಿ.